ಸ್ಪೇನ್ ಸಂಗೀತದ ಡ್ರೈವರ್

ಕಳೆದ ತಿಂಗಳು ನನಗೆ ಕಚೇರಿಯಲ್ಲಿ ಬೀಳ್ಕೊಡುಗೆ ಆಯಿತು. ಹೊಸನಗರದ ಒಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಪೇಟ ತೊಡಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಒಬ್ಬೊಬ್ಬರಾಗಿ ಎದ್ದು ನಿಂತು ನನ್ನ ‘ಸೂಕ್ಷ್ಮ ದೃಷ್ಟಿ’ಯನ್ನು ಹೊಗಳಿದರು. ಹಾಗೆಂದರೇನು ಎಂದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಈ ಹೆಂಗಸು ಯಾರನ್ನೂ ನಂಬುವುದಿಲ್ಲ ಎನ್ನುವುದನ್ನು ಹಾರ ಹಾಕಿದ ದಿನ ಹಾಗೆ ಹೇಳುತ್ತಾರೆ.

ನಂಬುವುದಿಲ್ಲ, ನಿಜ. ಹಾಲಿನವನು ‘ಇವತ್ತು ಹಾಲು ಗಟ್ಟಿ ಇದೆ ಅಕ್ಕಾ’ ಎಂದರೆ, ಹಾಗಾದರೆ ನಿನ್ನೆಯದು ಹೇಗಿತ್ತು ಎಂದು ಕೇಳುವ ಜಾತಿ ನನ್ನದು. ಆಸ್ತಿಯ ಆಸೆಗೆ ಬದುಕಿರುವ ಅಣ್ಣನನ್ನು ಸತ್ತ ಎಂದೂ, ಇಲ್ಲದ ತಂಗಿಯನ್ನು ಇದ್ದಾಳೆ ಎಂದೂ ಕಣ್ಣಲ್ಲಿ ನೀರು ತಂದುಕೊಂಡು ಹೇಳುವವರ ಎದುರು ಆಯುಷ್ಯ ಕಳೆದವಳಿಗೆ ಇನ್ನೆಂಥ ಬುದ್ಧಿ ಬರಬೇಕು? ಊರೆಲ್ಲ ನನ್ನ ಈ ಗುಣವನ್ನು ಹಿಂದಿನಿಂದ ಆಡಿಕೊಂಡಿತು. ಎದುರಿಗೆ ನಿಂತು ಹೇಳಿದವರು ಒಬ್ಬರೇ. ಹೇಳಿದ್ದಷ್ಟೇ ಅಲ್ಲ, ಆ ಗುಣ ತಮಗೆ ಬೇಕು ಎಂದು ಕೇಳಿಕೊಂಡು ಬಂದರು. ಅವರೊಬ್ಬ ಬಸ್ ಡ್ರೈವರ್. ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು.

ನನ್ನ ಮನೆ ಸಾಗರದಲ್ಲಿ. ಬೆಳಿಗ್ಗೆ ಸಾಗರದಿಂದ ಹೊರಟು ಹೊಸನಗರ, ಕೋಣಂದೂರು ಹಾದು ತೀರ್ಥಹಳ್ಳಿಗೆ ಹೋಗುವ ಒಂದು ಖಾಸಗಿ ಬಸ್ಸಿಗೆ ನಾವು ಕೆಲವರು ಕಾಯಂ ಗಿರಾಕಿಗಳಾಗಿದ್ದೆವು. ನಾನು, ಹೊಸನಗರದ ಹೈಸ್ಕೂಲಿಗೆ ಹೋಗುವ ಒಬ್ಬ ಟೀಚರಮ್ಮ, ಅಡಿಕೆ ವ್ಯಾಪಾರದ ಹೆಗಡೆಯವರು. ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಹೋಗಿ ಸೀಟು ಹಿಡಿದು ಕೂತು ಲೋಕಾಭಿರಾಮ ಮಾತಾಡುವುದು ನಮ್ಮ ಅಭ್ಯಾಸ. ಕಂಡಕ್ಟರ್ ನಾಗೇಶ ಎಂಬ ಹುಡುಗಾಟದ ಮನುಷ್ಯ. ಹಳೆಯ ಡ್ರೈವರ್ ಬಿಟ್ಟು ಹೋದ ಮೇಲೆ ಒಂದು ದಿನ ಇವರು ಬಂದರು.

ಎತ್ತರದ ಆಳು, ಐವತ್ತು ದಾಟಿದ ವಯಸ್ಸು, ಉದ್ದ ಕತ್ತು. ಖಾಕಿ ಅಂಗಿಗೆ ದಿನಾ ಇಸ್ತ್ರಿ. ಬಂದವರೇ ಹಳೆಯ ಪೇಪರು ಒದ್ದೆ ಮಾಡಿಕೊಂಡು ಮುಂದಿನ ಗಾಜು ಒರೆಸುತ್ತಿದ್ದರು. ಒರೆಸಿದ ಮೇಲೆ ಕೆಳಗಿಳಿದು ಹತ್ತು ಹೆಜ್ಜೆ ದೂರ ನಿಂತು ನೋಡಿ, ಮತ್ತೆ ಹತ್ತಿ ಒಂದು ಮೂಲೆ ಒರೆಸುತ್ತಿದ್ದರು. ಮುದುಕಿಯರು ಕೂತಾಗುವ ತನಕ ಗೇರು ಹಾಕುತ್ತಿರಲಿಲ್ಲ. ದಾರಿಯಲ್ಲಿ ದನ ಮಲಗಿದ್ದರೆ ಹಾರ್ನ್ ಮಾಡುತ್ತಿರಲಿಲ್ಲ, ನಾಗೇಶನನ್ನು ಇಳಿಸಿ ಎಬ್ಬಿಸುತ್ತಿದ್ದರು. ಇಷ್ಟೆಲ್ಲ ಒಳ್ಳೆಯವರಾಗಿರುವುದು ಯಾಕೆ ಎಂದು ನನಗೆ ಮೊದಲ ದಿನವೇ ಅನಿಸಿತ್ತು.

ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಸಿನಿಮಾ ಹಾಡು ಹಾಕುವುದು ಪದ್ಧತಿ. ಹಾಡು ಇಷ್ಟ ಎಂದು ಬಸ್ಸು ಆರಿಸುವವರೂ ಇದ್ದಾರೆ. ಇವರು ಹಾಕಿದ್ದು ಬೇರೆ. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿರುವಾಗ, ಇಂಜಿನ್ ಇನ್ನೂ ಶುರು ಮಾಡದೆ, ಹಳೆಯ ಪ್ಲೇಯರಿಗೆ ಒಂದು ಡಿಸ್ಕು ತಳ್ಳುತ್ತಿದ್ದರು. ತಳ್ಳಿ, ಕಣ್ಣು ಮುಚ್ಚಿ, ಕತ್ತು ಸ್ವಲ್ಪ ಓರೆ ಮಾಡಿ ಕೂರುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಲಗೈಯ ತೋರುಬೆರಳಿನಿಂದ ಸ್ಟೇರಿಂಗ್ ಮೇಲೆ ಒಮ್ಮೆ ಬಡಿದು, ಕಣ್ಣು ಬಿಟ್ಟು, ಎಡಗಡೆ ಮುಂದಿನ ಸೀಟಿನಲ್ಲಿ ಕೂತವರ ಕಡೆ ತಿರುಗುತ್ತಿದ್ದರು. ಆ ಸೀಟು ನನ್ನದು.

‘ಬಂತಾ ಮೇಡಂ?’

‘ಎಂಥದು?’

‘ಹಾಡು.’

‘ಹಾಡು ಎಲ್ಲಿದೆ ಇದ್ರಲ್ಲಿ? ಟಿಣ್ ಟಿಣ್ ಅಂತಿದೆ ಅಷ್ಟೆ.’

‘ಟಿಣ್ ಅಂತು ಅಲ್ವಾ? ನಾ ಬೆರಳು ಬಡಿಯೋಕ್ಕಿಂತ ಮುಂಚೆನಾ, ಆಮೇಲಾ?’

ಪರಿಚಯವಿಲ್ಲದ ಗಂಡಸು ಹೆಂಗಸಿನ ಹತ್ತಿರ ಕೇಳುವ ಪ್ರಶ್ನೆಯೇ ಇದು? ನಾನು ಕಿಟಕಿಯಾಚೆ ನೋಡಿದೆ. ಮರುದಿನವೂ ಅದೇ ಪ್ರಶ್ನೆ. ಅದರ ಮರುದಿನವೂ. ‘ಮುಂಚೆನೇ ಬಂತು’ ಎಂದು ಗೊಣಗಿದರೆ ತಲೆಯಾಡಿಸಿ ಇಂಜಿನ್ ಶುರು ಮಾಡುತ್ತಿದ್ದರು. ‘ಆಮೇಲೆ’ ಎಂದು ಬೇಕೆಂದೇ ಒಂದು ದಿನ ಹೇಳಿ ನೋಡಿದೆ. ಹುಬ್ಬು ಗಂಟಿಕ್ಕಿ, ಡಿಸ್ಕನ್ನು ಮೊದಲಿನಿಂದ ಹಾಕಿ, ಮತ್ತೆ ಕಣ್ಣು ಮುಚ್ಚಿದರು. ಬಸ್ಸು ಅವತ್ತು ತಡವಾಗಿ ಬಿಟ್ಟಿತು.

ಆ ಸಂಗೀತದ ವಿಷಯ ಹೇಳಬೇಕು. ಶುರುವಿನಲ್ಲಿ ಅದು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ. ಎಲ್ಲೋ ಒಂದು ತೆಳು ಲೋಹದ ಗಂಟೆ. ಆಮೇಲೆ ಎರಡು ತೆಂಗಿನ ಗೆರಟೆ ಬಡಿದಂತೆ ಟಕಟಕ. ಅದರ ಕೆಳಗೆ ಯಾರೋ ತಂತಿ ಮೀಟುತ್ತಾರೆ, ಒಬ್ಬರಲ್ಲ, ಬಹಳ ಜನ, ಆದರೆ ಮಲಗಿದ ಮಗುವಿನ ಪಕ್ಕ ಕೂತು ಮೀಟಿದ ಹಾಗೆ. ದೂರದಿಂದ ಒಂದು ಕೊಂಬಿನ ದನಿ. ಆಮೇಲೆ ಒಂದೊಂದಾಗಿ ಸೇರುತ್ತ ಸೇರುತ್ತ ಕೊನೆಗೆ ಎಲ್ಲ ಒಟ್ಟಿಗೆ ನುಗ್ಗಿ ಬಸ್ಸಿನ ಗಾಜು ಅದುರುತ್ತಿತ್ತು. ಇಡೀ ಡಿಸ್ಕಿನಲ್ಲಿ ಮನುಷ್ಯರು ಬಾಯಿ ತೆರೆಯುವುದೇ ಇಲ್ಲ.

ಬಸ್ಸಿನಲ್ಲಿ ಮಾತು ಶುರುವಾಯಿತು. ಟೀಚರಮ್ಮ ನನ್ನ ಕಿವಿಯ ಹತ್ತಿರ ಬಂದು, ‘ಇದು ಎಂಥದೋ ಪ್ರಾರ್ಥನೆ ಮೇಡಂ. ಮೊದ್ಲು ಸಣ್ಣಗೆ ಶುರು ಮಾಡಿ ನಿಧಾನಕ್ಕೆ ನಮ್ಮನ್ನ ಒಳಗೆ ಎಳ್ಕೊಳ್ಳೋದು’ ಎಂದರು. ಹೆಗಡೆಯವರು ನಮ್ಮ ಪೈಕಿಯೇ ಆದ್ದರಿಂದ ಮನೆ ಮಾತಿನಲ್ಲೇ, ‘ತಂಗಿ, ಇದೆಂತ ಇದು? ಹಾಡೂ ಇಲ್ಲೆ, ಮಾತೂ ಇಲ್ಲೆ. ನಂಗ ಎಲ್ಲ ದುಡ್ಡು ಕೊಟ್ಟು ಈ ಗಲಾಟೆ ಕೇಳವಾ? ಇದ್ರಲ್ಲಿ ಎಂತದೋ ಇದ್ದು’ ಎಂದರು. ಎಂಥದೋ ಇದೆ ಎನ್ನುವುದರಲ್ಲಿ ನನಗೂ ಸಂಶಯವಿರಲಿಲ್ಲ. ಏನು ಎನ್ನುವುದಷ್ಟೇ ಗೊತ್ತಾಗಬೇಕಿತ್ತು.

ಡ್ರೈವರು ಚಹಾಕ್ಕೆ ಇಳಿದಾಗ ಡ್ಯಾಶ್‌ಬೋರ್ಡಿನ ಮೇಲಿದ್ದ ಡಿಸ್ಕಿನ ಡಬ್ಬಿಯನ್ನು ಎತ್ತಿ ನೋಡಿದೆ. ಮೇಲೆ ಒಂದು ಚಿತ್ರ: ಸುಣ್ಣ ಬಳಿದ ಗೋಡೆಗಳ ನಡುವೆ ಕಲ್ಲು ಹಾಸಿದ ಅಂಗಳ, ಸಾಲಾಗಿ ಕಿತ್ತಳೆ ಗಿಡ, ಒಬ್ಬ ನರಪಿಳ್ಳೆಯೂ ಇಲ್ಲ. ಇಂಗ್ಲಿಷ್ ಅಕ್ಷರ, ಆದರೆ ಇಂಗ್ಲಿಷ್ ಅಲ್ಲ. ಫೋಟೋ ತೆಗೆದು ಶಿವಮೊಗ್ಗದಲ್ಲಿ ಓದುತ್ತಿದ್ದ ತಂಗಿಯ ಮಗಳಿಗೆ ಕಳಿಸಿದೆ.

‘ದೊಡ್ಡಮ್ಮಾ, ಇದು ಸ್ಪೇನ್ ದೇಶದ್ದು. ಆರ್ಕೆಸ್ಟ್ರಾ’ ಎಂದಳು.

‘ಗಣಪತಿ ಪೆಂಡಾಲಲ್ಲಿ ಮಾಡ್ತಾರಲ್ಲ, ಅದಾ?’

‘ಅಯ್ಯೋ ಅದಲ್ಲ. ದೊಡ್ಡ ಹಾಲಲ್ಲಿ ಕೋಟು ಹಾಕ್ಕೊಂಡು ತುಂಬ ಜನ ಕೂತು ಪಿಟೀಲು, ತುತ್ತೂರಿ ಎಲ್ಲ ನುಡಿಸ್ತಾರಲ್ಲ, ಅದು. ಶಾಸ್ತ್ರೀಯ ಸಂಗೀತ. ನಿಮ್ಗೆ ಯಾರು ಕೊಟ್ರು?’

ಸಾಗರದ ಬಸ್ ಡ್ರೈವರಿಗೆ ಸ್ಪೇನ್ ದೇಶದ ಶಾಸ್ತ್ರೀಯ ಸಂಗೀತ ಎಲ್ಲಿಂದ ಬಂತು? ಅವರನ್ನೇ ಕೇಳಿದೆ. ಶಿವಮೊಗ್ಗದಲ್ಲಿ ಕೊಂಡದ್ದು ಎಂದರು. ಟೀಚರಮ್ಮ ಕೇಳಿದಾಗ, ಕವಲೇದುರ್ಗದ ಕೋಟೆ ನೋಡಲು ಬಂದ ಯಾರೋ ಫಾರಿನ್ನಿನವರು ಬಸ್ಸಿನಲ್ಲಿ ಬಿಟ್ಟು ಹೋದದ್ದು ಎಂದಿದ್ದರಂತೆ. ಹೆಗಡೆಯವರಿಗೆ, ಪ್ಲೇಯರಿನ ಒಳಗೇ ಇತ್ತು ಎಂದಿದ್ದರಂತೆ. ಒಂದು ಡಿಸ್ಕಿಗೆ ಮೂರು ಹೇಳಿಕೆ. ನನ್ನ ಕಚೇರಿಯಲ್ಲಾದರೆ ಆ ಅರ್ಜಿಯನ್ನು ಅಲ್ಲೇ ಪಕ್ಕಕ್ಕೆ ಇಡುತ್ತಿದ್ದೆ.

ಆಮೇಲೆ ಅವರನ್ನು ನೋಡುವುದೇ ನನಗೆ ಕೆಲಸವಾಯಿತು. ನೋಡುತ್ತ ಹೋದಂತೆ ಸಿಕ್ಕಿದ್ದೆಲ್ಲ ಅನುಮಾನಕ್ಕೆ ಯೋಗ್ಯವಾದದ್ದೇ. ಪ್ಲೇಯರಿನ ವಾಲ್ಯೂಮ್ ಗುಂಡಿಯ ಮೇಲೆ ಬಿಳಿ ಪೇಂಟಿನ ಒಂದು ಚುಕ್ಕೆ, ಅದಕ್ಕೆ ಸರಿಯಾಗಿ ಪ್ಲೇಯರಿನ ಮೈಮೇಲೆ ಇನ್ನೊಂದು. ಎರಡೂ ಚುಕ್ಕೆ ಕೂಡುವಲ್ಲಿಗೇ ಗುಂಡಿ ನಿಲ್ಲಬೇಕು. ಸ್ವಲ್ಪ ಕಡಿಮೆ ಮಾಡಿ ಎಂದು ಒಮ್ಮೆ ಟೀಚರಮ್ಮ ಕೈ ಹಾಕಿದ್ದಕ್ಕೆ, ಯಾರಿಗೂ ಗದರದ ಮನುಷ್ಯ ಸಿಡುಕಿಬಿಟ್ಟರು. ಅವರ ಹತ್ತಿರ ಮೊಬೈಲಿತ್ತು, ಆದರೆ ಮಾತಾಡಿದ್ದನ್ನು ನಾನು ನೋಡಿಲ್ಲ. ಕಾಲ್ ಬಂದರೆ ನಾಗೇಶನ ಕೈಗೆ ಕೊಡುತ್ತಿದ್ದರು. ಯಾರಿಂದಲೋ ತಪ್ಪಿಸಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ನಾವು ಮಾತಾಡುವಾಗ ಕಣ್ಣು ನೋಡದೆ ಬಾಯಿ ನೋಡುತ್ತಿದ್ದರು. ಅದನ್ನು ನೋಡಿ ನನಗೆ ಬೇರೆಯೇ ಅನುಮಾನ ಬಂದು ಸೆರಗು ಸರಿ ಮಾಡಿಕೊಂಡದ್ದೂ ಉಂಟು.

ಎಲ್ಲ ಬಸ್ಸುಗಳಲ್ಲಿ ಕಂಡಕ್ಟರು ಹಿಂದಿನ ಬಾಗಿಲಲ್ಲಿ ನಿಂತು ‘ರೈಟ್’ ಎಂದು ಕೂಗುತ್ತಾನೆ, ಇಲ್ಲವೇ ಬಸ್ಸಿನ ಮೈಗೆ ಎರಡು ಏಟು ಬಡಿಯುತ್ತಾನೆ. ಅಷ್ಟರಿಂದಲೇ ನಮ್ಮ ಕಡೆಯ ಬಸ್ಸು ಓಡುವುದು. ಇವರು ಬಂದ ಮೇಲೆ ಹಿಂದಿನ ಬಾಗಿಲಿನಿಂದ ಸ್ಟೇರಿಂಗಿನ ತನಕ ಒಂದು ವೈರು ಎಳೆಸಿ, ಕಣ್ಣೆದುರಿಗೆ ಸಣ್ಣ ಕೆಂಪು ಬಲ್ಬು ಕೂರಿಸಿದರು. ನಾಗೇಶ ಸ್ವಿಚ್ ಒತ್ತಿದರೆ ಬಲ್ಬು ಹತ್ತುತ್ತಿತ್ತು. ‘ಫಾರಿನ್ ಸಿಸ್ಟಮ್ಮು’ ಎಂದು ನಾಗೇಶ ನಗುತ್ತಿದ್ದ. ಕಾಡಿನ ತಿರುವುಗಳಲ್ಲಂತೂ ಬಸ್ಸು ಮದುವೆ ದಿಬ್ಬಣದ ಹಾಗೆ ಹೋಗುತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಉದ್ದ ಹಾರ್ನ್ ಮಾಡಿ, ತಡೆದು, ಆಮೇಲೆ ತಿರುಗಿಸುವುದು. ಕುಡಿದಿದ್ದಾರೆಯೇ ಎಂದು, ಚಿಲ್ಲರೆ ಬಿದ್ದಿದೆ ಎಂಬ ನೆವದಲ್ಲಿ ಬಗ್ಗಿ ಮೂಸಿಯೂ ನೋಡಿದೆ. ಇಸ್ತ್ರಿ ಬಟ್ಟೆಯ ವಾಸನೆ ಬಂತು, ಅಷ್ಟೆ.

ಇಷ್ಟಾದ ಮೇಲೂ ಬೆಳಗಿನ ಆ ಪ್ರಶ್ನೆ ನಿಲ್ಲಲಿಲ್ಲ. ನನಗೆ ರೋಸಿ ಹೋಗಿ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತೆ. ಆ ಸೀಟಿಗೆ ಬಂದವರೆಲ್ಲ ‘ಬಂತಾ?’ ಎಂದರೆ ‘ಹೂಂ ಹೂಂ, ಬಂತು’ ಎನ್ನುತ್ತಿದ್ದರು. ಕೆಲವರು ಡಿಸ್ಕು ಹಾಕುವ ಮೊದಲೇ ಎನ್ನುತ್ತಿದ್ದರು. ಅವರು ಕನ್ನಡಿಯಲ್ಲಿ ನನ್ನನ್ನು ಹುಡುಕುತ್ತಿದ್ದುದು ನನಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ, ವಾಪಸು ಬರುವ ಬಸ್ಸು ಹೊಸನಗರದಲ್ಲಿ ಊಟಕ್ಕೆ ನಿಲ್ಲುವ ಹೊತ್ತಿನಲ್ಲಿ, ಅವರು ನನ್ನ ದಾಖಲೆ ಕೋಣೆಗೆ ಬಂದರು. ನಾನು ಬಾಗಿಲಿಗೆ ಬೆನ್ನು ಮಾಡಿ ಕಪಾಟಿನಿಂದ ಕಡತದ ಕಟ್ಟು ಇಳಿಸುತ್ತಿದ್ದೆ. ಹೆಜ್ಜೆ ಸಪ್ಪಳ ಕೇಳಿ ‘ಯಾರು?’ ಎಂದೆ. ಉತ್ತರವಿಲ್ಲ. ‘ಯಾರ್ರೀ ಅದು, ಏನಾಗ್ಬೇಕಿತ್ತು?’ ಎಂದು ಜೋರಾಗಿ ಕೇಳಿದೆ. ಆಗಲೂ ಇಲ್ಲ. ಸಿಟ್ಟಿನಿಂದ ತಿರುಗಿದರೆ ಇವರು ಕೈ ಕಟ್ಟಿ ನಿಂತಿದ್ದಾರೆ, ಇನ್ನೂ ನಾನು ಮಾತಾಡುವುದನ್ನೇ ಕಾಯುತ್ತಿರುವವರ ಹಾಗೆ.

‘ಕರೆದ್ರೆ ಮಾತಾಡೋಕೆ ಆಗಲ್ವಾ?’

‘ಈ ಕಡೆ ತಿರುಗಿ ಹೇಳಿ ಮೇಡಂ. ಬೆನ್ನು ಮಾತಾಡಿದ್ರೆ ನಂಗೆ ಗೊತ್ತಾಗಲ್ಲ.’

ನಾನು ಕಟ್ಟನ್ನು ಮೇಜಿನ ಮೇಲಿಟ್ಟು ಕೂತೆ. ಬಲ್ಬು, ಮೊಬೈಲು, ಬಾಯಿ ನೋಡುವುದು, ಕಿಟಕಿಯಿಂದ ತಲೆ ಹಾಕುವುದು ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಕಳ್ಳ, ಕುಡುಕ, ಮತ ಪ್ರಚಾರಕ, ಹೆಣ್ಣಿನ ಹುಚ್ಚಿನವ ಎಂದು ಏನೇನೋ ಅಂದುಕೊಂಡಿದ್ದೆ. ಇದೊಂದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

‘ಕಿವಿ ಹೋಗ್ತಾ ಇದೆ’ ಎಂದರು. ಗಂಟಲು ನೋವು ಎಂದಷ್ಟೇ ಸಲೀಸಾಗಿ. ‘ಪೂರ್ತಿ ಹೋಗಿಲ್ಲ. ಸಣ್ಣ ಸದ್ದು ಮೊದ್ಲು ಹೋಗುತ್ತಂತೆ, ದಪ್ಪ ಸದ್ದು ಆಮೇಲೆ. ಶಿವಮೊಗ್ಗದ ಡಾಕ್ಟ್ರು, ಸದ್ಯಕ್ಕೆ ಗಾಡಿ ಓಡಿಸ್ಬಹುದು, ಆದ್ರೆ ಆಗಾಗ ಬಂದು ತೋರಿಸ್ಕೊಳ್ಳಿ ಅಂದ್ರು. ಆಗಾಗ ಅಂದ್ರೆ ಯಾವಾಗ? ಇವತ್ತು ತೋರ್ಸಿ ನಾಳೆ ಹೋದ್ರೆ? ಜನ ಕೂರ್ಸ್ಕೊಂಡು ಹೋಗೋನು ದಿನಾ ನೋಡ್ಕೋಬೇಕಲ್ವಾ.’

ಹಾಗೆ ನೋಡಿಕೊಳ್ಳಲು ಆ ಡಿಸ್ಕು. ಸಿನಿಮಾ ಹಾಡಿಗೆ ಶುರುವಿನಿಂದ ಕೊನೆಯ ತನಕ ಒಂದೇ ಗಂಟಲು, ಅದರಿಂದ ಏನೂ ತಿಳಿಯುವುದಿಲ್ಲ ಎಂದರು. ಇದು ಏನೂ ಇಲ್ಲದಲ್ಲಿಂದ ಮೇಲೇಳುತ್ತದೆ. ಎಲ್ಲಿ ತನಗೆ ಕೇಳಲು ಶುರುವಾಯಿತು, ಎದುರಿನವರಿಗೆ ಎಲ್ಲಿ ಶುರುವಾಯಿತು ಎಂದು ನೋಡಿದರೆ ಕಿವಿ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ. ವಾಲ್ಯೂಮ್ ದಿನಾ ಒಂದೇ ಇರಬೇಕೆಂದು ಚುಕ್ಕೆ. ಗೇರು, ಬ್ರೇಕು ಬಿಟ್ಟರೆ ಬೇರೆ ಏನೂ ಕಲಿತಿರದ ಮನುಷ್ಯ ಇಷ್ಟನ್ನು ತಾನೇ ಯೋಚಿಸಿ ಮಾಡಿಕೊಂಡಿದ್ದರು. ಕಾಡಿನ ತಿರುವಿನಾಚೆ ನಾಗೇಶನನ್ನು ಬೈಕಿನಲ್ಲಿ ನಿಲ್ಲಿಸಿ ಹಾರ್ನ್ ಮಾಡಿಸಿ, ಆ ತಂತಿ ಮೀಟುವ ಸದ್ದು ಕೇಳುವ ತನಕ ಹಾರ್ನೂ ಕೇಳುತ್ತದೆ ಎಂದು ತಾಳೆ ನೋಡಿದ್ದರಂತೆ. ‘ಗಂಟೆ ಹೋದ್ರೆ ಹೋಗ್ಲಿ, ಟಕಟಕ ಹೋದ್ರೂ ಹೋಗ್ಲಿ. ತಂತಿ ಹೋದ ದಿನ ಸ್ಟೇರಿಂಗ್ ಬಿಡ್ತೀನಿ’ ಎಂದರು.

‘ಡಿಸ್ಕು ಎಲ್ಲಿಂದ ಬಂತು ಅಂತ ಮೂರು ಜನರಿಗೆ ಮೂರು ಥರ ಹೇಳಿದ್ರಲ್ಲ?’ ಅಷ್ಟು ಹೊತ್ತಿನಲ್ಲೂ ನನಗೆ ಅದು ಬಗೆಹರಿಯಬೇಕಿತ್ತು.

ನಕ್ಕರು. ‘ಮಾತು ಬೇಗ ಮುಗೀಲಿ ಅಂತ ಬಾಯಿಗೆ ಬಂದದ್ದು ಹೇಳೋದು. ಸಾಗರದಲ್ಲಿ ಕ್ಯಾಸೆಟ್ ಅಂಗಡಿ ಮುಚ್ಚಿದ್ರಲ್ಲ, ಯಾರೂ ತಗೊಳ್ದೆ ಉಳಿದದ್ದು ಇದೊಂದೇ. ಸುಮ್ನೆ ಕೊಟ್ರು.’

‘ಸರಿ. ನನ್ನ ಹತ್ರ ಯಾಕೆ ಬಂದ್ರಿ? ನಾಗೇಶ ಇಲ್ವಾ?’

‘ನಾಗೇಶಂಗೆ ನನ್ನ ಕಂಡ್ರೆ ಪ್ರೀತಿ. ದಿನಾ ಸರಿಯಾಗಿದೆ ಅಣ್ಣಾ ಅಂತಾನೆ. ಪ್ರೀತಿ ಇರೋರ ಮಾತು ಹಿಡ್ಕೊಂಡು ಗಾಡಿ ಓಡ್ಸೋಕಾಗಲ್ಲ. ಬೇರೆಯೋರು ಕಾಟ ತಪ್ಲಿ ಅಂತ ಹೂಂ ಅಂತಾರೆ. ನೀವು ಯಾರನ್ನೂ ನಂಬಲ್ಲ ಅಂತ ಬಸ್ಸಲ್ಲಿ ಎಲ್ಲಾರೂ ಹೇಳ್ತಾರೆ. ನಾನೂ ನೋಡಿದೀನಿ, ನನ್ನ ಬಾಯಿ ಮೂಸಿದ್ರಲ್ಲ ನೀವು. ಅದಕ್ಕೇ ನೀವೇ ಬೇಕು. ಮುಂದಿನ ಸೀಟಿಗೆ ಬನ್ನಿ.’

ಅವಮಾನವೋ ಮರ್ಯಾದೆಯೋ ಗೊತ್ತಾಗದೆ ನನ್ನ ಮುಖ ಬಿಸಿಯಾಯಿತು. ಆದರೂ ಒಪ್ಪುವ ಮೊದಲು ನನ್ನ ಷರತ್ತು ಹೇಳಿದೆ. ತಂತಿ ಕೇಳದ ದಿನ ನಾನು ಮುಚ್ಚಿಡುವುದಿಲ್ಲ, ನಿಮಗೂ ಹೇಳುತ್ತೇನೆ, ಇಳಿಯದಿದ್ದರೆ ಬಸ್ಸಿನವರಿಗೆಲ್ಲ ಹೇಳುತ್ತೇನೆ ಎಂದೆ. ‘ಅದಕ್ಕೇ ಬಂದದ್ದು’ ಎಂದು ಎದ್ದು ಹೋದರು.

ಮುಂದಿನ ಸೀಟಿಗೆ ಮರಳಿದೆ. ನನ್ನ ಬೆಳಗು ಆ ಡಿಸ್ಕಿನಿಂದ ಶುರುವಾಗತೊಡಗಿತು. ದೀಪಾವಳಿಯ ಹೊತ್ತಿಗೆ ಅವರಿಗೆ ಗಂಟೆ ಹೋಯಿತು. ‘ಟಿಣ್ ಅಂದ್ರೆ ಹೇಗಿರ್ತಿತ್ತು ಅಂತ ನೆನಪು ಮಾಡ್ಕೊಳ್ತಾ ಇದೀನಿ’ ಎಂದು ಒಂದು ದಿನ ಹೇಳಿದರು. ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ನನಗೇ ಸಂಕಟವಾಯಿತು. ಚಳಿ ಮುಗಿಯುವಾಗ ಗೆರಟೆಯ ಟಕಟಕವೂ ಹೋಯಿತು. ಇತ್ತ ನಾನು ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರೆ ಚಾಕು ಆ ಟಕಟಕದ ತಾಳಕ್ಕೇ ಬೀಳುತ್ತಿತ್ತು. ಯಾವ ದೇಶದ ಯಾವ ಅಂಗಳದ ಸಂಗೀತವೋ, ಅದರಲ್ಲಿ ಯಾರು ಯಾವಾಗ ಬರುತ್ತಾರೆ ಎಂದು ನನಗೆ ನಮ್ಮ ಮನೆಯ ನೆಂಟರಷ್ಟೇ ಚೆನ್ನಾಗಿ ಗೊತ್ತಾಯಿತು.

ಅವರನ್ನು ಈಗಲೂ ಅಪರೂಪಕ್ಕೆ ನೋಡುತ್ತೇನೆ. ಕೋಣಂದೂರಿನಲ್ಲಿ ಅಣ್ಣನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಾರೆ. ಗಿರಣಿ ಓಡುವಾಗ ಅಲ್ಲಿ ಯಾರಿಗೂ ಏನೂ ಕೇಳುವುದಿಲ್ಲ, ಎಲ್ಲರೂ ಕೈ ಸನ್ನೆಯಲ್ಲೇ ಮಾತಾಡುತ್ತಾರೆ. ಒಮ್ಮೆ ಹೋದಾಗ ‘ಇಲ್ಲಿ ಎಲ್ಲಾರೂ ನನ್ನಂಗೇ’ ಎಂದು ಹಿಟ್ಟು ಮೆತ್ತಿದ ಹುಬ್ಬು ಕುಣಿಸಿದರು. ಅಲ್ಲೂ ಅಂಗಿಗೆ ಇಸ್ತ್ರಿ. ಗಿರಾಕಿಗಳು ಹಿಟ್ಟು ಸಣ್ಣಗಾಗಿದೆಯೇ ಎಂದು ನೋಡುವ ಮೊದಲು ತಾವೇ ಬೆರಳಲ್ಲಿ ಉಜ್ಜಿ ನೋಡಿ, ಇಷ್ಟವಾಗದಿದ್ದರೆ ಮತ್ತೆ ಕಲ್ಲಿಗೆ ಸುರಿಯುತ್ತಾರಂತೆ. ಅವರು ಕೊನೆಯ ಸಲ ಬಸ್ಸಿನಿಂದ ಇಳಿದ ಬೆಳಗಿನ ಸಂಗತಿಯನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಆ ದಿನದ ಹಿಂದಿನ ದಿನ, ಕಾಡಿನ ದಾರಿಯಲ್ಲಿ, ತಿರುವಿನಾಚೆ ಒಂದು ಲಾರಿ ಹಾರ್ನ್ ಮಾಡಿತು. ನನಗೆ ಕೇಳಿತು, ಹೆಗಡೆಯವರಿಗೆ ಕೇಳಿತು. ಬಸ್ಸು ನಿಲ್ಲಲಿಲ್ಲ. ಲಾರಿಯ ಮೂತಿ ಕಂಡ ಮೇಲೆ ಅವರು ಬ್ರೇಕ್ ಒತ್ತಿದರು. ನಿಧಾನ ಹೋಗುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ, ಟೀಚರಮ್ಮನ ಊಟದ ಡಬ್ಬಿ ಉರುಳಿತು ಅಷ್ಟೆ. ಲಾರಿಯವನು ಹಾರ್ನ್ ಮಾಡಲೇ ಇಲ್ಲ ನೋಡಿ ಎಂದು ಅವರು ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಕಚೇರಿಗೆ ಹೋದ ಮೇಲೆ ನನಗೆ ಕೆಲಸ ಸಾಗಲಿಲ್ಲ. ಅವತ್ತು ಬೆಳಿಗ್ಗೆ ಕೂಡ ತಂತಿ ಶುರುವಾದ ಕ್ಷಣಕ್ಕೆ ಸರಿಯಾಗಿ ಅವರ ಬೆರಳು ಬಡಿದಿತ್ತು. ಈಚೆಗೆ ಯಾವ ದಿನವೂ ತಪ್ಪಿರಲಿಲ್ಲ. ಮೊದಮೊದಲು ಅತ್ತಿತ್ತ ಆಗುತ್ತಿದ್ದ ಬೆರಳು ಈಗ ಗಡಿಯಾರದ ಹಾಗೆ ಬೀಳುತ್ತಿತ್ತು. ಲಾರಿಯ ಹಾರ್ನ್ ಕೇಳದ ಕಿವಿಗೆ ತಂತಿ ಅಷ್ಟು ಖಚಿತವಾಗಿ ಕೇಳುವುದು ಹೇಗೆ? ದಿನಾ ಅದೇ ಡಿಸ್ಕು, ಅದೇ ಶುರು. ಅವರು ಕೇಳುತ್ತಿದ್ದಾರೋ, ಇಲ್ಲ ನೆನಪಿನಿಂದ ಬಡಿಯುತ್ತಿದ್ದಾರೋ? ಆ ಪ್ರಶ್ನೆ ಹುಟ್ಟಿದ್ದೇ ನನ್ನ ಮೇಲೆ ನನಗೇ ಕೋಪ ಬಂತು. 

ಮರುದಿನ ಬಸ್ಸು ಹತ್ತಿದವಳೇ, ಅವರ ಎದುರು ಮುಖ ಮಾಡಿ, ‘ಇವತ್ತು ಡಿಸ್ಕು ನಾ ಹಾಕ್ತೀನಿ’ ಎಂದೆ.

ಅವರು ನನ್ನನ್ನೇ ನೋಡಿದರು. ‘ಹಾಕಿ. ನಂಗೂ ನನ್ನ ಮೇಲೆ ಸ್ವಲ್ಪ ಅನುಮಾನ ಇದೆ’ ಎಂದು ಜರುಗಿ ಜಾಗ ಕೊಟ್ಟರು. ನಾನು ಡಿಸ್ಕು ತಳ್ಳಿ, ಸಂಗೀತ ಶುರುವಾಗುವ ಮೊದಲೇ ಬಟನ್ ಒತ್ತಿ ನಿಲ್ಲಿಸಿ, ಪ್ಲೇಯರು ಕಾಣದ ಹಾಗೆ ನನ್ನ ವ್ಯಾನಿಟಿ ಬ್ಯಾಗು ಅಡ್ಡ ಹಿಡಿದೆ. ಬ್ಯಾಗಿನ ಹಿಂದೆ ಬೆರಳನ್ನು ಬಟನ್ ಮೇಲಿಟ್ಟುಕೊಂಡೆ. ಅವರು ಕಣ್ಣು ಮುಚ್ಚಿದರು. ಸ್ಟ್ಯಾಂಡಿನಲ್ಲಿ ಇನ್ನೂ ಹೆಚ್ಚು ಜನರಿರಲಿಲ್ಲ. ನಾಗೇಶ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ.

ನಾನು ಒತ್ತಲಿಲ್ಲ. ಸ್ವಲ್ಪ ಕಾಯಿಸಿ ಒತ್ತೋಣ ಎಂದೇ ಇದ್ದದ್ದು. 

ಅವರ ಕತ್ತು ಓರೆಯಾಯಿತು. ಗಂಟೆ ಬರಬೇಕಾದ ಹೊತ್ತು ಕಳೆಯಿತು, ಗೆರಟೆಯ ಹೊತ್ತೂ ಕಳೆಯಿತು. ಆಮೇಲೆ ಅವರ ತೋರುಬೆರಳು ಮೆಲ್ಲಗೆ ಕೆಳಗಿಳಿದು ಸ್ಟೇರಿಂಗನ್ನು ಮುಟ್ಟಿತು. ಅವತ್ತು ಒಂದೇ ಸಲಕ್ಕೆ ನಿಲ್ಲಲಿಲ್ಲ. ತಂತಿ ಮೀಟುವ ಲಯಕ್ಕೆ ಸರಿಯಾಗಿ, ಒಂದು ಚೂರೂ ತಪ್ಪದೆ, ಬಡಿಯುತ್ತ ಹೋಯಿತು. ಹಿಂದಿನ ದಿನದಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. ಆ ಹೊತ್ತು ಅವರಿಗೆ ಅದು ನಿಜವಾಗಿಯೂ ಕೇಳುತ್ತಿತ್ತು ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು.

‘ಬಂತು ಮೇಡಂ. ಇವತ್ತು ಭಾಳ ಚೆನ್ನಾಗಿ ಬಂತು.’

ಬಸ್ಸಿನೊಳಗೆ ಯಾವ ಸದ್ದೂ ಇರಲಿಲ್ಲ. ನಾಗೇಶನಿಗೆ ತಿಳಿದು ಹೋಗಿತ್ತು. ಅವರ ಬೆನ್ನ ಹಿಂದೆ ನಿಂತು ನನಗೆ ಕೈ ಮುಗಿದ. ಬೇಡ, ಹೇಳಬೇಡಿ ಎಂದು ತಲೆಯಾಡಿಸಿದ. ನನ್ನ ಬೆರಳು ಬಟನ್ ಮೇಲೇ ಇತ್ತು. ಒಂದು ಸಲ ಒತ್ತಿದ್ದರೆ ಆಗಿತ್ತು. ಸಂಗೀತ ಶುರುವಾಗುತ್ತಿತ್ತು, ಬಸ್ಸು ಹೊರಡುತ್ತಿತ್ತು, ಆ ಮುಖ ಹಾಗೇ ಇರುತ್ತಿತ್ತು. ಒತ್ತಿಬಿಡಬೇಕು ಎಂದು ನನಗೆ ತುಂಬ ಆಸೆಯಾಯಿತು. ಟೀಚರಮ್ಮ ಆಗಷ್ಟೇ ಹತ್ತಿ ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಾನು ಬ್ಯಾಗು ತೆಗೆದೆ.

‘ನಾನಿನ್ನೂ ಹಾಕೇ ಇಲ್ಲ’ ಎಂದೆ.

ಅವರು ನನ್ನ ಬಾಯಿಯನ್ನು ನೋಡುತ್ತಿದ್ದರು. ಇನ್ನೊಮ್ಮೆ ಹೇಳಿ ಎನ್ನಲಿಲ್ಲ. ಬೆರಳು ಇನ್ನೂ ಬಡಿಯುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಮೇಲೆ ಎಡಗೈ ಇಟ್ಟು ನಿಲ್ಲಿಸಿದರು. ಕೀಲಿ ತೆಗೆದು ನಾಗೇಶನ ಕೈಗೆ ಹಾಕಿ, ‘ಷೆಡ್ಡಿಗೆ ಫೋನ್ ಮಾಡು, ಇನ್ನೊಬ್ಬ ಡ್ರೈವರ್ ಬರ್ಲಿ’ ಎಂದರು. ನಾಗೇಶ ಅಳುತ್ತಿದ್ದ. ಅಷ್ಟರಲ್ಲಿ ಹತ್ತಿದ ಹೆಗಡೆಯವರು ಏನಾಯಿತು, ಬಸ್ಸು ಹೋಗುವುದಿಲ್ಲವೇ ಎಂದು ಹಿಂದಿನಿಂದ ಕೇಳುತ್ತಲೇ ಇದ್ದರು. ಅವರ ಬಾಯಿ ಕಾಣದ್ದರಿಂದ ಇವರು ಉತ್ತರ ಕೊಡಲಿಲ್ಲ. ಆಮೇಲೆ ಎಲ್ಲರ ಕಡೆ ತಿರುಗಿ ನಿಂತರು.

‘ಬಸ್ಸು ಹೋಗುತ್ತೆ, ಕೂತ್ಕೊಳ್ಳಿ. ನಾನು ಮಾತ್ರ ಹೋಗಲ್ಲ.’

ಇಳಿದು, ನನ್ನ ಕಿಟಕಿಯ ಕೆಳಗೆ ಬಂದು ಮುಖ ಎತ್ತಿದರು. ‘ನಿಮ್ಮನ್ನೇ ಕೇಳಿದ್ದು ಸರಿಯಾಯ್ತು ಮೇಡಂ’ ಎಂದರು. ಪೇಪರಿನಿಂದ ಒರೆಸಿದ ಗಾಜನ್ನು ದೂರ ನಿಂತು ಒಮ್ಮೆ ನೋಡಿ, ಸ್ಟ್ಯಾಂಡು ದಾಟಿ ಹೊರಟು ಹೋದರು.

ಹೊಸ ಡ್ರೈವರು ಬಂದು ಪೆನ್‌ಡ್ರೈವ್ ಸಿಕ್ಕಿಸಿದ. ಸಿನಿಮಾ ಹಾಡು ಕಿರುಚಿಕೊಂಡು ಶುರುವಾಯಿತು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಟೀಚರಮ್ಮ ಹಿಂದಿನಿಂದ ಎದ್ದು ನನ್ನ ಪಕ್ಕಕ್ಕೆ ಬಂದು ಕೂತು, ‘ಏನ್ ಮೇಡಂ, ನಿಮ್ಗೂ ಆ ಡ್ರೈವರಿಗೂ...’ ಎಂದು ಅರ್ಧಕ್ಕೆ ನಿಲ್ಲಿಸಿದರು. ತಲೆ ಎತ್ತಿ ನೋಡಿದೆ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಜೀವಮಾನವೆಲ್ಲ ನಾನು ಜನರನ್ನು ನೋಡಿದ್ದು ಅದೇ ನೋಟದಿಂದ. ಬಿಡಿಸಿ ಹೇಳಲು ಹೋಗಲಿಲ್ಲ. ಹೊಸನಗರ ಬರುವ ತನಕ ಅವರು ನೋಡುತ್ತಲೇ ಇದ್ದರು, ನಾನು ಅಳುತ್ತಲೇ ಇದ್ದೆ.